ಠಾಣೆಯ ಬೆಂಚಿನ ಮೇಲೆ ಎರಡು ರಾತ್ರಿ: ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಪೊಲೀಸ್ ಠಾಣೆಯ ವಿಷಯವೇ ಜಾಸ್ತಿ. ಹಾಗಾಗಿ ಪೋಡಿ, ಖಾತೆ, ಆಸ್ತಿ ಭಾಗದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಮ್ಮ ಗಾರೆ ಕೆಲಸ ಮಾಡುತ್ತಾನೆ. ಕಳೆದ ತಿಂಗಳು ಒಂದು ಮಧ್ಯಾಹ್ನ ‘ಸುಮ್ನೆ ವಿಚಾರಣೆಗೆ’ ಅಂತ ಠಾಣೆಗೆ ಕರೆದುಕೊಂಡು ಹೋದರು. ಎರಡು ರಾತ್ರಿ ಬೆಂಚಿನ ಮೇಲೇ ಕೂರಿಸಿದ್ದರು. ಒಂದು ಕಾಗದವನ್ನೂ ಕೊಡದೆ ಮೂರನೇ ದಿನ ಕಳಿಸಿದರು. ‘ಅರೆಸ್ಟೇ ಮಾಡಿಲ್ಲ, ಇನ್ನೇನು ದೂರು ಕೊಡ್ತೀರಿ?’ ಅನ್ನುತ್ತಾರೆ. ಹೌದಾ? (ಹಾಸನ ಜಿಲ್ಲೆಯ ಓದುಗರು)

ಖಂಡಿತ ಅಲ್ಲ. ಅರೆಸ್ಟ್ ಮಾಡಿಲ್ಲ ಅಂದರೆ ನಿಮ್ಮ ತಮ್ಮ ಆ ಬೆಂಚಿನಿಂದ ಎದ್ದು ಮನೆಗೆ ಬರಬಹುದಿತ್ತು ಅಲ್ವಾ? ಬರಲು ಬಿಡಲಿಲ್ಲ ಅಂದ ಮೇಲೆ ಅದು ಬಂಧನವೇ. ಲಾಕಪ್ಪಿನ ಬಾಗಿಲು ಹಾಕಿರಬೇಕು ಅಂತೇನೂ ಇಲ್ಲ.

ಸಂವಿಧಾನದ 22ನೇ ವಿಧಿ ಇಲ್ಲಿ ತುಂಬಾ ಸ್ಪಷ್ಟವಾಗಿದೆ. ಬಂಧಿತರಿಗೆ ಯಾಕೆ ಹಿಡಿದಿದ್ದೇವೆ ಅಂತ ಹೇಳಬೇಕು. ತಮಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ದಾರಿಯಲ್ಲಿ ಕಳೆದ ಸಮಯವನ್ನು ಮಾತ್ರ ಈ ಲೆಕ್ಕದಿಂದ ಬಿಡಬಹುದು. ನಾಳೆ ಭಾನುವಾರ, ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ ಅನ್ನುವ ಮಾತೆಲ್ಲ ನಡೆಯುವುದಿಲ್ಲ. ರಜೆಯ ದಿನವೂ ಒಬ್ಬ ಮ್ಯಾಜಿಸ್ಟ್ರೇಟ್ ಇದ್ದೇ ಇರುತ್ತಾರೆ, ಪೊಲೀಸರು ಬಂಧಿತರನ್ನು ಅವರ ಮನೆಗೇ ಕರೆದುಕೊಂಡು ಹೋಗುತ್ತಾರೆ.

ಈ 24 ಗಂಟೆ ಯಾವಾಗಿನಿಂದ ಶುರು ಅನ್ನುವುದೇ ಜಗಳದ ಮೂಲ. ಅದಕ್ಕೇ ಅರೆಸ್ಟ್ ಮೆಮೊ ಅನ್ನುವ ಕಾಗದ ಬಂದದ್ದು. ಪಶ್ಚಿಮ ಬಂಗಾಳದಲ್ಲಿ ಕಾನೂನು ನೆರವಿನ ಸಂಸ್ಥೆ ನಡೆಸುತ್ತಿದ್ದ ಡಿ.ಕೆ. ಬಸು 1986ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಲಾಕಪ್ಪಿನಲ್ಲಿ ಜನ ಸಾಯುತ್ತಿದ್ದಾರೆ ಅಂತ ಪೇಪರಿನಲ್ಲಿ ಬಂದ ಸುದ್ದಿ ಅದರ ಜೊತೆಗಿತ್ತು. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡು 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಹಿಡಿಯಲು ಬಂದವರ ಎದೆಯ ಮೇಲೆ ಹೆಸರು ಕಾಣಬೇಕು. ಹಿಡಿದ ಹೊತ್ತಿನಲ್ಲೇ ಮೆಮೊ ಬರೆಯಬೇಕು, ಅದರಲ್ಲಿ ತಾರೀಕು, ಸಮಯ ಇರಬೇಕು, ಮನೆಯವರೋ ಊರಿನ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಮನೆಗೆ ಸುದ್ದಿ ಮುಟ್ಟಿಸಬೇಕು. ಇದೆಲ್ಲ ಆಮೇಲೆ ಕಾನೂನಿಗೇ ಸೇರಿತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ (ಬಂಧನ, ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನು) 36 ಮತ್ತು 48ನೇ ಕಲಮುಗಳಲ್ಲಿ ಸಿಗುತ್ತದೆ.

ಮೆಮೊದಲ್ಲಿ ಬರೆದ ಸಮಯ ಎಷ್ಟು ಮುಖ್ಯ ಅಂತ ನನ್ನದೇ ಒಂದು ಕೇಸಿನಿಂದ ಹೇಳುತ್ತೇನೆ. ಹುಡುಗನನ್ನು ಸಂಜೆ 6ಕ್ಕೆ ಹಿಡಿದೆವು ಅಂತ ಮೆಮೊದಲ್ಲಿತ್ತು. ಮಾರನೇ ದಿನ ಸಂಜೆ 4ಕ್ಕೆ ಕೋರ್ಟಿಗೆ ತಂದರು. ಕಾಗದದ ಲೆಕ್ಕದಲ್ಲಿ 22 ಗಂಟೆ, ಎಲ್ಲಾ ಸರಿ. ಆದರೆ ಅವನ ತಾಯಿ ಸೆರಗಿನ ಗಂಟು ಬಿಚ್ಚಿ ಮಡಚಿಟ್ಟಿದ್ದ ಬಸ್ ಟಿಕೆಟ್ ತೆಗೆದರು. ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್. ಅದರ ಮೇಲೆ ಹಿಂದಿನ ದಿನ ಬೆಳಗ್ಗೆ 9 ಗಂಟೆಗೆ ಐದು ನಿಮಿಷ ಕಡಿಮೆ ಅಂತ ಅಚ್ಚಾಗಿತ್ತು. ಮಗನನ್ನು ಕರೆದೊಯ್ದರು ಅಂತ ತಿಳಿದು ಅವರು ಹಳ್ಳಿಯಿಂದ ಬಸ್ ಹತ್ತಿದ್ದರು. ಸಂಜೆ 6ಕ್ಕೆ ಹಿಡಿದವನನ್ನು ನೋಡಲು ತಾಯಿ ಬೆಳಗ್ಗೆಯೇ ಯಾಕೆ ಬರುತ್ತಾಳೆ? ಮ್ಯಾಜಿಸ್ಟ್ರೇಟರು ಮೆಮೊ ಪಕ್ಕಕ್ಕೆ ಆ ಟಿಕೆಟ್ ಇಟ್ಟುಕೊಂಡು, ಹುಡುಗನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು. ಅವತ್ತೇ ಬೇಲ್ ಆಯಿತು.

ನಿಮ್ಮ ತಮ್ಮನ ವಿಷಯದಲ್ಲಿ ಈಗಲೂ ಕಾಲ ಮೀರಿಲ್ಲ. ಎಷ್ಟು ಗಂಟೆಗೆ ಕರೆದೊಯ್ದರು, ಯಾರು ನೋಡಿದರು, ನೀವು ಯಾವ ನಂಬರಿಗೆ ಎಷ್ಟು ಸಲ ಫೋನ್ ಮಾಡಿದಿರಿ, ಇವಿಷ್ಟನ್ನೂ ಮರೆಯುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ. ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ದೂರು ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆ ದೂರಿನಲ್ಲೇ ಠಾಣೆಯ ಸಿಸಿಟಿವಿ ದೃಶ್ಯ ಅಳಿಸಬಾರದು ಅಂತ ಸೇರಿಸಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯ ಕನಿಷ್ಠ 1 ವರ್ಷ ಉಳಿಯಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಒಂದು ಪ್ರತಿ ಹಾಕಿ.

ಇನ್ನೊಂದು ಮಾತು. ಮುಂದೆ ಯಾರಿಗಾದರೂ ಹೀಗಾದರೆ ಮೂರನೇ ದಿನದವರೆಗೆ ಕಾಯಬೇಡಿ. 24 ಗಂಟೆ ದಾಟಿದರೆ ಮನೆಯವರೋ ಗೆಳೆಯರೋ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಬಹುದು. ಬಂಧನದಲ್ಲಿರುವ ವ್ಯಕ್ತಿಯನ್ನು ಕೋರ್ಟಿನ ಕಣ್ಣೆದುರಿಗೆ ತನ್ನಿ ಅಂತ ಕೇಳುವ ಅರ್ಜಿ ಅದು. ಬೆಂಗಳೂರಿಗೇ ಬರಬೇಕಿಲ್ಲ, ಧಾರವಾಡದಲ್ಲೂ ಕಲಬುರಗಿಯಲ್ಲೂ ಪೀಠ ಇದೆ.

ಪ್ರಶ್ನೆ: ತಪ್ಪಾಗಿ ಒಳಗೆ ಹಾಕಿದ್ದಕ್ಕೆ ಸರ್ಕಾರದಿಂದ ಪರಿಹಾರ ಕೇಳಬಹುದಾ? (ಗದಗ)

ಕೇಳಬಹುದು. ಬಿಹಾರದ ರುದುಲ್ ಸಾಹ್ ಅವರನ್ನು ಕೋರ್ಟು 1968ರಲ್ಲಿ ನಿರ್ದೋಷಿ ಅಂತ ಬಿಟ್ಟಿತು. ಅವರು ಜೈಲಿನಿಂದ ಹೊರಬಂದದ್ದು 1982ರಲ್ಲಿ. 14 ವರ್ಷ! ಈ ಕೇಸಿನ ಬಗ್ಗೆ ಎಷ್ಟು ಸಲ ಹೇಳಿದರೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1983ರಲ್ಲಿ ಸುಪ್ರೀಂ ಕೋರ್ಟ್ ಒಟ್ಟು 35,000 ರೂಪಾಯಿ ಕೊಡಿಸಿತು, ಬೇಕಾದರೆ ಹೆಚ್ಚಿನ ಪರಿಹಾರಕ್ಕೆ ದಾವೆ ಹೂಡಬಹುದು ಅಂತಲೂ ಹೇಳಿತು. ಮೊತ್ತ ಕಡಿಮೆಯೇ. ಆದರೆ ಮೂಲಭೂತ ಹಕ್ಕು ಮುರಿದರೆ ರಿಟ್ ಅರ್ಜಿಯಲ್ಲೇ (ಹಕ್ಕು ಕಾಪಾಡಿ ಅಂತ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ನೇರವಾಗಿ ಹಾಕುವ ಅರ್ಜಿ) ಹಣ ಕೊಡಿಸಬಹುದು ಅನ್ನುವ ದಾರಿ ತೆರೆದದ್ದು ಅಲ್ಲಿಂದ.

ಪ್ರಶ್ನೆ: ಸರ್ಕಾರವೇ ಹಕ್ಕುಗಳನ್ನು ಅಮಾನತಿನಲ್ಲಿಟ್ಟರೆ ಕೋರ್ಟು ಕೈಕಟ್ಟಿ ಕೂರುತ್ತದಾ? (ಕಾನೂನು ವಿದ್ಯಾರ್ಥಿನಿ, ಮೈಸೂರು)

ಒಮ್ಮೆ ಕೂತಿತ್ತು. ಅದನ್ನು ಮುಚ್ಚಿಡಬಾರದು.

ತುರ್ತು ಪರಿಸ್ಥಿತಿ ಶುರುವಾದ 1975ರ ಜೂನ್ 26ರ ಬೆಳಗ್ಗೆ ವಾಜಪೇಯಿ, ಅಡ್ವಾಣಿ ಅವರೆಲ್ಲ ಬೆಂಗಳೂರಿನಲ್ಲಿದ್ದರು, ಸಂಸತ್ತಿನ ಒಂದು ಸಮಿತಿಯ ಸಭೆಗೆ ಬಂದವರು. ಇಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಿದರು. ಈಗಿನ ಫ್ರೀಡಂ ಪಾರ್ಕ್ ಅಂದರೆ ಅದೇ ಜಾಗ. ಬೆಂಗಳೂರಿಗೆ ಹೋದಾಗ ಒಳಗೆ ಹೋಗಿ ಆ ಕೋಣೆಗಳ ಮುಂದೆ ಒಂದು ನಿಮಿಷ ನಿಂತು ಬನ್ನಿ. ತುರ್ತು ಪರಿಸ್ಥಿತಿಯಲ್ಲಿ 14 (ಸಮಾನತೆ), 21 (ಜೀವ ಮತ್ತು ಸ್ವಾತಂತ್ರ್ಯ), 22ನೇ ವಿಧಿಗಳಿಗಾಗಿ ಕೋರ್ಟಿಗೆ ಹೋಗುವಂತಿಲ್ಲ ಅಂತ ರಾಷ್ಟ್ರಪತಿಗಳ ಆದೇಶ ಹೊರಟಿತು. ಆದರೂ ಕರ್ನಾಟಕ ಹೈಕೋರ್ಟ್ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ಕೇಳುತ್ತೇವೆ ಅಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಒಬ್ಬರನ್ನು ಕೊಂದರೂ ಪರಿಹಾರ ಇಲ್ಲವೇ ಅಂತ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಅಂತ ಅಟಾರ್ನಿ ಜನರಲ್ ಉತ್ತರ ಕೊಟ್ಟರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರ ನಿಂತರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಮುಖ್ಯ ನ್ಯಾಯಮೂರ್ತಿ ಆಗಬೇಕಿದ್ದ ಅವರನ್ನು ಬಿಟ್ಟು ಕಿರಿಯರಿಗೆ ಆ ಹುದ್ದೆ ಕೊಟ್ಟರು. ಅವರು ರಾಜೀನಾಮೆ ಕೊಟ್ಟು ಹೊರಟರು.

ಆ ಗಾಯಕ್ಕೆ ಮದ್ದು ಎರಡು ಕಡೆಯಿಂದ ಬಂತು. 1978ರ 44ನೇ ತಿದ್ದುಪಡಿ, 20 ಮತ್ತು 21ನೇ ವಿಧಿಗಳನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಅಂತ ಬರೆಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೇ ತೀರ್ಪನ್ನು ತಪ್ಪು ಅಂತ ತಳ್ಳಿಹಾಕಿತು. ಅದು ಖಾಸಗಿತನದ ಕೇಸು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿಷಯ ಹಿಡಿದು ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಹಳೇ ತೀರ್ಪಿಗೆ ಸಹಿ ಹಾಕಿದವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಅದು ತಪ್ಪು ಅಂತ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಪರೀಕ್ಷೆಗೆ ಓದುವಾಗ ಖನ್ನಾ ಅವರ ಭಿನ್ನ ತೀರ್ಪನ್ನು ಗೈಡಿನಲ್ಲಿ ಅಲ್ಲ, ಪೂರ್ತಿಯಾಗಿ ಓದಿ.

ಪ್ರಶ್ನೆ: ಖಾಸಗಿ ಕಂಪನಿ ನನ್ನನ್ನು ಕಾರಣ ಕೊಡದೆ ಕೆಲಸದಿಂದ ತೆಗೆಯಿತು. ಮೂಲಭೂತ ಹಕ್ಕು ಅಂತ ಹೈಕೋರ್ಟಿಗೆ ಹೋಗಬಹುದಾ? (ಬೆಂಗಳೂರು)

ಸಾಮಾನ್ಯವಾಗಿ ಇಲ್ಲ. ಈ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ವಿರುದ್ಧ ಇರುವಂಥವು. ಅಸ್ಪೃಶ್ಯತೆ, ಜೀತ, ಕಾರ್ಖಾನೆಯಲ್ಲಿ ಮಕ್ಕಳ ದುಡಿತ, ಇಂಥವುಗಳ ವಿರುದ್ಧದ ಕೆಲವು ಹಕ್ಕುಗಳು ಖಾಸಗಿಯವರಿಗೂ ತಗಲುತ್ತವೆ. ನಿಮ್ಮ ಆರ್ಡರ್ ಕಾಪಿ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ, ತಡ ಮಾಡಬೇಡಿ.

ಪ್ರಶ್ನೆ: ಇದೆಲ್ಲ ದುಡ್ಡಿದ್ದವರಿಗೆ ಅಲ್ವಾ? ನಾನು ಮನೆಕೆಲಸ ಮಾಡುವವಳು, ಮಗ ಜೈಲಿನಲ್ಲಿದ್ದಾನೆ. (ಶಿವಮೊಗ್ಗ)

ಅಮ್ಮಾ, ನಿಮ್ಮ ಮಗನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಕಸ್ಟಡಿಯಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರಿಗೆ ಆದಾಯ ಎಷ್ಟು ಅಂತ ನೋಡುವುದೇ ಇಲ್ಲ. ಫೀಸು, ಸ್ಟಾಂಪು, ಕಾಪಿ ಖರ್ಚು ಯಾವುದನ್ನೂ ನೀವು ಕೊಡಬೇಕಿಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲಿದೆ ಅಂತ ಕೇಳಿ, ಬೆಳಗ್ಗೆಯೇ ಹೋಗಿ. ಓದಲು ಬರೆಯಲು ಬರದಿದ್ದರೂ ಅಲ್ಲಿನ ಸಿಬ್ಬಂದಿ ನಿಮ್ಮ ಮಾತನ್ನು ಬರೆದುಕೊಳ್ಳಬೇಕು. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ಮಗನ ಪೂರ್ತಿ ಹೆಸರು, ಯಾವ ಠಾಣೆ, ಕ್ರೈಂ ನಂಬರ್ ಎಷ್ಟು, ಜೈಲಿಗೆ ಕಳಿಸಿದ ತಾರೀಕು ಯಾವುದು, ಈ ನಾಲ್ಕು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಅಂದೇ ಕೆಲಸ ಶುರುವಾಗಲು ಅನುಕೂಲ.