ಓದುಗರ ಪ್ರಶ್ನೆಗೆ ಉತ್ತರ: ಮನೆಯ ಪರದೆಯಲ್ಲಿ ‘ರೋಮನ್ ಹಾಲಿಡೇ’

ಕಳೆದ ಸಂಚಿಕೆಯಲ್ಲಿ ವಿಲಿಯಂ ವೈಲರ್ ನಿರ್ದೇಶನದ ‘ರೋಮನ್ ಹಾಲಿಡೇ’ (1953) ಚಿತ್ರದ ಬಗ್ಗೆ ಬರೆದದ್ದನ್ನು ಓದಿ ಹಲವರು ತಮ್ಮ ಬಳಿಯಿರುವ ಡಿಸ್ಕು, ಕ್ಯಾಸೆಟ್ಟುಗಳ ಬಗ್ಗೆ ಪ್ರಶ್ನೆ ಕಳಿಸಿದ್ದಾರೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಚಿತ್ರದ ಅವಧಿ 118 ನಿಮಿಷ ಎಂದು ನೀವು ಬರೆದಿದ್ದೀರಿ. ನನ್ನ ಹಳೆಯ ಡಿವಿಡಿ 113 ನಿಮಿಷಕ್ಕೇ ಮುಗಿಯುತ್ತದೆ. ಯಾವ ದೃಶ್ಯಕ್ಕೆ ಕತ್ತರಿ ಬಿದ್ದಿದೆ? – ಓದುಗರೊಬ್ಬರು, ಡೊಂಬಿವಲಿ

ಉತ್ತರ: ಯಾವ ದೃಶ್ಯಕ್ಕೂ ಕತ್ತರಿ ಬಿದ್ದಿರಲಾರದು. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ ಫಿಲ್ಮನ್ನು, ನಮ್ಮ ದೇಶದ ಟಿವಿಗಳು ಅನುಸರಿಸುತ್ತಿದ್ದ ‘ಪಾಲ್’ ಪದ್ಧತಿಯ ಡಿಸ್ಕಿಗೆ ಇಳಿಸುವಾಗ ಸಾಮಾನ್ಯವಾಗಿ ಸೆಕೆಂಡಿಗೆ 25 ಚೌಕಟ್ಟುಗಳಂತೆ ಓಡಿಸುತ್ತಿದ್ದರು. ಒಂದೊಂದು ಸೆಕೆಂಡಿಗೂ ಒಂದು ಚೌಕಟ್ಟು ಹೆಚ್ಚು ಸಾಗಿದ್ದರಿಂದ 118 ನಿಮಿಷದ ಚಿತ್ರ ಸುಮಾರು 113 ನಿಮಿಷಕ್ಕೆ ಮುಗಿಯುತ್ತದೆ. ಕಣ್ಣಿಗೆ ಈ ಅವಸರ ಗೊತ್ತಾಗುವುದಿಲ್ಲವಾದರೂ ಸಂಗೀತ ಬಲ್ಲವರ ಕಿವಿಗೆ ಗೊತ್ತಾದೀತು. ಧ್ವನಿಯನ್ನು ಬೇರೆಯಾಗಿ ಸರಿಪಡಿಸದೆ ಬಿಟ್ಟಿದ್ದರೆ ಶ್ರುತಿ, ಒಂದು ಸ್ವರಸ್ಥಾನದಿಂದ ಮುಂದಿನದಕ್ಕಿರುವ ಅಂತರದ ಸುಮಾರು ಮುಕ್ಕಾಲು ಪಾಲಿನಷ್ಟು ಮೇಲೇರಿರುತ್ತದೆ. ಗ್ರೆಗರಿ ಪೆಕ್ ಅವರ ಗಂಭೀರ ಕಂಠ ಕೊಂಚ ತೆಳುವಾಗಿ ಕೇಳುವುದು ಈ ಕಾರಣಕ್ಕೇ. ಬ್ಲೂ-ರೇ ಡಿಸ್ಕುಗಳಲ್ಲಿ ಮೂಲದ 24 ಚೌಕಟ್ಟುಗಳ ವೇಗವನ್ನೇ ಉಳಿಸಿಕೊಳ್ಳಲು ಬರುವುದರಿಂದ ಅಲ್ಲಿ ಪೂರ್ಣ ಅವಧಿ ಸಿಗುತ್ತದೆ.

ಪ್ರಶ್ನೆ: ಹೊಸ ಟಿವಿಯಲ್ಲಿ ಚಿತ್ರದ ಎರಡೂ ಬದಿಗೆ ಕಪ್ಪು ಪಟ್ಟಿಗಳು ಕಾಣುತ್ತವೆ. ಪರದೆ ತುಂಬುವಂತೆ ಮಾಡಬಹುದೇ? – ಓದುಗರೊಬ್ಬರು, ಮಾಟುಂಗ

ಉತ್ತರ: ಮಾಡಬಹುದು, ಆದರೆ ದಯವಿಟ್ಟು ಮಾಡಬೇಡಿ. ಅಗಲ ಪರದೆಯ ಚಿತ್ರಗಳು ಹಾಲಿವುಡ್ಡಿನಲ್ಲಿ ರೂಢಿಯಾಗುವ ಮೊದಲೇ, 1952ರ ಬೇಸಿಗೆಯಲ್ಲಿ, ಈ ಚಿತ್ರದ ಚಿತ್ರೀಕರಣ ನಡೆಯಿತು. ಅದರ ಚೌಕಟ್ಟು ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರದ್ದು. ರಿಮೋಟಿನ ಗುಂಡಿ ಒತ್ತಿ ಹಿಗ್ಗಿಸಿದರೆ ಆಡ್ರೆ ಹೆಪ್‌ಬರ್ನ್ ಅವರ ಮುಖ ಅಡ್ಡಗಲವಾಗುತ್ತದೆ. ಜೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಸುಮಾರು ಕಾಲುಭಾಗ ಹಾರಿಹೋಗುತ್ತದೆ. ‘ಸತ್ಯದ ಬಾಯಿ’ ಎಂಬ ಶಿಲಾಮುಖದೊಳಗೆ ಕೈಯಿಟ್ಟ ಪೆಕ್, ಕೈ ತುಂಡಾಯಿತೆಂಬಂತೆ ಅದನ್ನು ಅಂಗಿಯ ತೋಳಿನೊಳಗೆ ಅಡಗಿಸಿ ತೋರಿಸುತ್ತಾರೆ. ಆ ತಮಾಷೆಯನ್ನು ಮುಂಚಿತವಾಗಿ ತಿಳಿಸಿರದ ಕಾರಣ ಹೆಪ್‌ಬರ್ನ್ ಅವರ ಚೀತ್ಕಾರ ನಿಜವಾದದ್ದೆಂದು ಹೇಳುತ್ತಾರೆ. ಬರಿದಾದ ತೋಳು, ಬೆಚ್ಚಿದ ಮುಖ ಎರಡೂ ಕಣ್ಣಿಗೆ ಬಿದ್ದರಷ್ಟೇ ಅಲ್ಲಿ ನಗು ಹುಟ್ಟುತ್ತದೆ.

ಪ್ರಶ್ನೆ: ನಮ್ಮ ವಿಎಚ್ಎಸ್ ಕ್ಯಾಸೆಟ್ಟಿನಲ್ಲಿ ಕಥೆ ಇಯಾನ್ ಮೆಕ್‌ಲೆಲನ್ ಹಂಟರ್ ಅವರದೆಂದಿದೆ, ಮಗ ತಂದ ಡಿಸ್ಕಿನಲ್ಲಿ ಡಾಲ್ಟನ್ ಟ್ರಂಬೊ ಹೆಸರಿದೆ. ಯಾವುದು ಸರಿ? – ಓದುಗರೊಬ್ಬರು, ಪುಣೆ

ಉತ್ತರ: ಡಿಸ್ಕಿನಲ್ಲಿರುವುದು ಸರಿ, ಕ್ಯಾಸೆಟ್ಟಿನಲ್ಲಿರುವುದು 1953ರ ಪ್ರೇಕ್ಷಕರು ನಿಜವಾಗಿ ಕಂಡದ್ದು. ಕಮ್ಯುನಿಸ್ಟರನ್ನು ಹುಡುಕಲು ಹೊರಟಿದ್ದ ಅಮೆರಿಕದ ಸಂಸದೀಯ ಸಮಿತಿಯ ಮುಂದೆ 1947ರಲ್ಲಿ ಉತ್ತರ ಕೊಡಲು ನಿರಾಕರಿಸಿದ ‘ಹಾಲಿವುಡ್ ಹತ್ತು ಮಂದಿ’ಯಲ್ಲಿ ಟ್ರಂಬೊ ಒಬ್ಬರು. ಜೈಲುವಾಸವಾಯಿತು, ಯಾವ ಸ್ಟುಡಿಯೋವೂ ಅವರ ಹೆಸರು ಹಾಕಲಾರದ ಸ್ಥಿತಿಯೂ ಬಂತು. ಆಗ ಗೆಳೆಯ ಹಂಟರ್ ತಮ್ಮ ಹೆಸರು ಕೊಟ್ಟರು. ಶ್ರೇಷ್ಠ ಕಥೆಗಾಗಿ ಬಂದ ಆಸ್ಕರ್ ಕೂಡ ಹಂಟರ್ ಹೆಸರಿಗೇ ಹೋಯಿತು. ಆ ಹೊತ್ತಿಗೆ ಅವರೂ ಕಪ್ಪುಪಟ್ಟಿಗೆ ಸೇರಿದ್ದರೆಂಬುದು ಇದರೊಳಗಿನ ಇನ್ನೊಂದು ವಿಪರ್ಯಾಸ. ಟ್ರಂಬೊ 1976ರಲ್ಲಿ ತೀರಿಕೊಂಡರು. ಅಕಾಡೆಮಿ ಆ ಪ್ರಶಸ್ತಿಯನ್ನು ಅವರ ಹೆಸರಿನಲ್ಲಿ ಪತ್ನಿಗೆ ಒಪ್ಪಿಸಿದ್ದು 1993ರಲ್ಲಿ. 2002ರಲ್ಲಿ ಡಿವಿಡಿಗಾಗಿ ಚಿತ್ರವನ್ನು ಶುದ್ಧಗೊಳಿಸಿದಾಗ ಅವರ ಹೆಸರು ಶೀರ್ಷಿಕೆಗಳಿಗೆ ಬಂತು. ಚಿತ್ರಕಥೆಯ ಗೌರವವನ್ನು ಅಮೆರಿಕದ ಲೇಖಕರ ಸಂಘ ಅವರಿಗೆ ಮರಳಿಸಿದ್ದು 2011ರಲ್ಲಿ.

ಹಳೆಯ ಚಿತ್ರದ ಅಕ್ಷರಗಳನ್ನು ಹೀಗೆ ತಿದ್ದುವುದು ಚರಿತ್ರೆಯನ್ನು ಒರೆಸಿದಂತೆ ಎಂದು ವಾದಿಸುವವರಿದ್ದಾರೆ. ಹೆದರಿಕೆಯಿಂದ ಮುಚ್ಚಿಟ್ಟ ಹೆಸರನ್ನು ಮತ್ತೆ ಬರೆಯುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಮೂಲದ ಶೀರ್ಷಿಕೆಗಳೂ ಎಲ್ಲಾದರೂ ನೋಡಲು ಸಿಗುವಂತಿರಬೇಕು.

ಪ್ರಶ್ನೆ: ಅಮೆರಿಕದಿಂದ ತರಿಸಿದ ಡಿವಿಡಿ ನಮ್ಮ ಪ್ಲೇಯರಿನಲ್ಲಿ ಓಡುತ್ತಿಲ್ಲವೇಕೆ? – ಓದುಗರೊಬ್ಬರು, ಮಡಗಾಂವ್

ಉತ್ತರ: ಡಿವಿಡಿಗಳಿಗಾಗಿ ಜಗತ್ತನ್ನು ವಲಯಗಳಾಗಿ ವಿಂಗಡಿಸಲಾಗಿದೆ, ಒಂದು ವಲಯದ ಡಿಸ್ಕನ್ನು ಇನ್ನೊಂದು ವಲಯದ ಪ್ಲೇಯರ್ ಸಾಮಾನ್ಯವಾಗಿ ಓಡಿಸುವುದಿಲ್ಲ. ಅಲ್ಲಿನ ಡಿಸ್ಕುಗಳಿಗೆ ವಲಯ 1, ನಮ್ಮವಕ್ಕೆ ವಲಯ 5. ಎಲ್ಲ ವಲಯಗಳನ್ನೂ ಒಪ್ಪುವ ಪ್ಲೇಯರ್ ಬೇಕು.

ಪ್ರಶ್ನೆ: ಮಳೆಗಾಲದ ನಂತರ ಕ್ಯಾಸೆಟ್ಟಿನ ಸುರುಳಿಯ ಮೇಲೆ ಬಿಳಿ ಪುಡಿ ಕಾಣಿಸಿಕೊಂಡಿದೆ. ಎಸೆಯಬೇಕೇ? – ಓದುಗರೊಬ್ಬರು, ಮುಲುಂಡ್

ಉತ್ತರ: ಅದು ಬೂಷ್ಟು, ಮುಂಬಯಿಯ ಆರ್ದ್ರತೆಯಲ್ಲಿ ಕಪಾಟಿನೊಳಗೆ ಮುಚ್ಚಿಟ್ಟ ಟೇಪಿಗೆ ಸಾಮಾನ್ಯವಾಗಿ ಬರುವ ರೋಗ. ಹಾಗೆಯೇ ವಿಸಿಆರ್‌ಗೆ ಹಾಕಿದರೆ ಅದರ ಹೆಡ್ ಹಾಳಾಗುವುದಲ್ಲದೆ, ಮುಂದೆ ಹಾಕುವ ಕ್ಯಾಸೆಟ್ಟುಗಳಿಗೂ ಅಂಟುತ್ತದೆ. ಅದನ್ನು ಉಳಿದವುಗಳಿಂದ ಬೇರ್ಪಡಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಒಣ ಡಬ್ಬಿಯಲ್ಲಿಡಿ. ಟೇಪು ಶುಚಿಗೊಳಿಸಿ ಡಿಜಿಟಲ್ ಮಾಡುವ ಅನುಭವಸ್ಥರಿಗೆ ಒಪ್ಪಿಸಿ. ಮೇಲೆ ಹೇಳಿದ ಹಂಟರ್ ಹೆಸರು ಅದರಲ್ಲಿದ್ದರೆ, ಚಿತ್ರದ ಹೊಸ ಡಿಸ್ಕು ಮನೆಯಲ್ಲಿದ್ದರೂ ಈ ಖರ್ಚಿಗೆ ಅರ್ಥವಿದೆ.