560011 ಅವಿಭಾಜ್ಯವೇ?

ಪತ್ರ: ನಮ್ಮ ಜಯನಗರದ ಪಿನ್‌ಕೋಡ್ 560011. ಇದನ್ನು 2ರಿಂದ 97ರವರೆಗಿನ 25 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದೆ, ಒಂದರಿಂದಲೂ ನಿಶ್ಶೇಷವಾಗಿ ಹೋಗಲಿಲ್ಲ. ಇದು ಅವಿಭಾಜ್ಯ ಸಂಖ್ಯೆ ಎನ್ನಬಹುದಲ್ಲವೇ? — ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ಎನ್ನುವಂತಿಲ್ಲ. ನಿಮ್ಮ ಭಾಗಾಕಾರಗಳೆಲ್ಲ ಸರಿ, ನಿಲ್ಲಿಸಿದ ಜಾಗ ಮಾತ್ರ ತಪ್ಪು. 97ರ ನಂತರದ ಅವಿಭಾಜ್ಯ 101. ಅದರಿಂದ ಭಾಗಿಸಿದರೆ 67 ಶೇಷ. ಅದರ ಮುಂದಿನ 103ಕ್ಕೆ ಸಂಖ್ಯೆ ಸಿಕ್ಕಿಬೀಳುತ್ತದೆ: 103 × 5437 = 560011. ಇನ್ನೆರಡೇ ಭಾಗಾಕಾರ ಬಾಕಿ ಇತ್ತು!

ನಿಲ್ಲಬೇಕಾದ್ದು ವರ್ಗಮೂಲದಲ್ಲಿ. 748ರ ವರ್ಗ 5,59,504, 749ರದು 5,61,001. ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆಯುವುದಾದರೆ ಅವುಗಳಲ್ಲಿ ಒಂದಾದರೂ 748ನ್ನು ಮೀರುವಂತಿಲ್ಲ. ಎರಡೂ ಮೀರಿದರೆ ಗುಣಲಬ್ಧ 5,61,001ಕ್ಕೆ ಕಡಿಮೆಯಾಗದು. ಹಾಗಾಗಿ 743ರವರೆಗಿನ 132 ಅವಿಭಾಜ್ಯಗಳನ್ನೂ ನೋಡಿದ ಮೇಲೆಯೇ ತೀರ್ಪು. ನೂರರೊಳಗಿನ ಪಟ್ಟಿ ಬಾಯಿಪಾಠವಾಗಿರುವುದರಿಂದ ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ.

ನಿಮ್ಮ ಶ್ರಮ ವ್ಯರ್ಥವಾಗಿಲ್ಲ. 5437ನ್ನು ಭಾಗಿಸುವ ಯಾವುದೇ ಸಂಖ್ಯೆ 560011ನ್ನೂ ಭಾಗಿಸಲೇಬೇಕು. 97ರವರೆಗೆ ಯಾವುದೂ ಇಲ್ಲವೆಂದು ನೀವೇ ತೋರಿಸಿದ್ದೀರಿ, 5437ರ ವರ್ಗಮೂಲವೋ 74ನ್ನೂ ಮುಟ್ಟುವುದಿಲ್ಲ. ಆದ್ದರಿಂದ 5437 ಅವಿಭಾಜ್ಯ. ಮತ್ತೆ ಲೆಕ್ಕ ಬೇಡ.

ನಿಮ್ಮ ಊಹೆಯೂ ತೀರಾ ಆಧಾರವಿಲ್ಲದ್ದಲ್ಲ. ನೂರು ಸಂಖ್ಯೆಗಳಲ್ಲಿ ಸುಮಾರು 12 ಮಾತ್ರ ಈ 25 ಭಾಜಕಗಳಿಂದ ಪಾರಾಗುತ್ತವೆ. ಆರು ಲಕ್ಷದ ಆಸುಪಾಸಿನಲ್ಲಿ ನೂರಕ್ಕೆ ಏಳೂವರೆಯಷ್ಟು ಅವಿಭಾಜ್ಯಗಳಿವೆ. ಅಂದರೆ ಪಾರಾದ ಎಂಟರಲ್ಲಿ ಐದರಷ್ಟು ನಿಜಕ್ಕೂ ಅವಿಭಾಜ್ಯ, ಮೂರು ನಿಮ್ಮದರಂತೆ ಕೈಕೊಡುವಂಥವು.

ಕೈಲೆಕ್ಕ ಹಗುರವಾಗಲು ಒಂದು ಉಪಾಯ: 7 × 11 × 13 = 1001. ಕೊನೆಯ ಮೂರು ಅಂಕಿಗಳನ್ನು ಮೊದಲ ಮೂರರಿಂದ ಕಳೆಯಿರಿ, 560 − 11 = 549. ಇದು 7, 11, 13 ಮೂರಕ್ಕೂ ಹೋಗದು, ಆದ್ದರಿಂದ ಮೂಲಸಂಖ್ಯೆಯೂ ಹೋಗದು. ಒಂದೇ ವ್ಯವಕಲನದಲ್ಲಿ ಮೂರು ಪರೀಕ್ಷೆ.

ಎರಡು ವರ್ಗಗಳ ವ್ಯತ್ಯಾಸವಾಗಿ ಒಡೆಯುವ ಫರ್ಮಾ ವಿಧಾನ ಮಾತ್ರ ಇಲ್ಲಿ ಹಿಡಿಯಬೇಡಿ. 749ರಿಂದ ಹೊರಟು ಒಂದೊಂದೇ ಏರಿಸುತ್ತ 2770ಕ್ಕೆ ಮುಟ್ಟಿದಾಗಲಷ್ಟೇ 2770² − 2667² ಸಿಗುತ್ತದೆ, 2022 ಹೆಜ್ಜೆ. ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದಾಗ ಮಾತ್ರ ಅದು ಚುರುಕು.

ಬೆಂಗಳೂರಿನ ಬೇರೆ ಪಿನ್‌ಕೋಡ್‌ಗಳನ್ನೂ ನೋಡುವ ಆಸೆಯಿದ್ದರೆ 560000ದ ಶೇಷಗಳನ್ನು ಒಮ್ಮೆ ಬರೆದಿಟ್ಟುಕೊಳ್ಳಿ: 7ಕ್ಕೆ 0, 11ಕ್ಕೆ 1, 13ಕ್ಕೆ 12, 17ಕ್ಕೆ 3, 19ಕ್ಕೆ 13, 23ಕ್ಕೆ 19, ಹೀಗೆ. ಆಮೇಲೆ ಕೊನೆಯ ಅಂಕಿಗಳನ್ನು ಕೂಡಿಸಿದರಾಯಿತು. 103ಕ್ಕೆ ಶೇಷ 92. ನಿಮ್ಮ 11 ಸೇರಿದೊಡನೆ ಸರಿಯಾಗಿ 103. ಬಸವನಗುಡಿಯ 560004 ನೋಡಿ: 23ಕ್ಕೆ 560000ದ ಶೇಷ 19, ಅದಕ್ಕೆ 4 ಸೇರಿ 23. ಅದು 2 × 2 × 3 × 23 × 2029 ಆಗಿ ಒಡೆಯುತ್ತದೆ. ಕೊನೆಯ 2029ಕ್ಕೆ 43ರವರೆಗೆ ನೋಡಿದರೆ ಸಾಕು, ಅದು ಅವಿಭಾಜ್ಯ.