ಕೊಕ್ಕೆ ಅಲ್ಲಾಡುವ ಟೇಪು, ಮೂಲೆ ತಪ್ಪಿದ ಮಟ್ಟ

ಮರಗೆಲಸದ ಅಳತೆ ಸಾಧನಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಹೊಸ ಟೇಪಿನ ತುದಿಯ ಕೊಕ್ಕೆ ಹಿಂದೆ ಮುಂದೆ ಆಡುತ್ತದೆ. ಅಂಗಡಿಯವರನ್ನು ಕೇಳಿದರೆ ‘ಎಲ್ಲಾ ಟೇಪೂ ಹಿಂಗ ಇರ್ತಾವ್ರೀ’ ಅಂದರು. ರಿವೆಟ್ ಬಡಿದು ಬಿಗಿ ಮಾಡಲೇ?
– ಓದುಗರು, ಹಾವೇರಿ

ಬಡಿಯಬೇಡಿ, ಅಂಗಡಿಯವರ ಮಾತು ನಿಜ. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟು, ಅಂದರೆ ಸುಮಾರು 1 ಮಿ.ಮೀ., ಅದು ಆಡಲೇಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಸರಿಯುತ್ತದೆ, ಗೋಡೆಗೆ ಒತ್ತಿದಾಗ ಒಳಗೆ ಸರಿಯುತ್ತದೆ. ಹೀಗಾಗಿ ಎರಡೂ ರೀತಿಯಲ್ಲಿ ಸೊನ್ನೆ ಸರಿಯಾದ ಜಾಗದಲ್ಲೇ ಇರುತ್ತದೆ. ಬಿಗಿ ಮಾಡಿದಿರೋ, ಒಂದು ಬಗೆಯ ಅಳತೆ ಯಾವಾಗಲೂ ತಪ್ಪು.

ಪರೀಕ್ಷೆ ಸುಲಭ. ರೀಪರ್ ತುಂಡೊಂದನ್ನು ಕೊಕ್ಕೆ ಸಿಕ್ಕಿಸಿ ಅಳೆಯಿರಿ. ಅದನ್ನೇ ಗೋಡೆಗೆ ತಾಗಿಸಿಟ್ಟು, ಟೇಪಿನ ತುದಿಯನ್ನೂ ಗೋಡೆಗೆ ಒತ್ತಿ ಮತ್ತೆ ಅಳೆಯಿರಿ. ಎರಡೂ ಒಂದೇ ಬರಬೇಕು. ಬರದಿದ್ದರೆ ಕೊಕ್ಕೆ ಬಗ್ಗಿದೆ, ಇಲ್ಲವೇ ಅದರ ಸಂದಿಯಲ್ಲಿ ಫೆವಿಕಾಲ್ ಒಣಗಿ ಕೂತಿದೆ. ಟೇಪನ್ನು ‘ಸರ್ರ್’ ಎಂದು ಒಳಗೆ ಬಿಡುವ ಅಭ್ಯಾಸವೇ ಕೊಕ್ಕೆ ಬಗ್ಗಲು ಮುಖ್ಯ ಕಾರಣ. ಕೊನೆಯ ಒಂದಡಿಯನ್ನು ಬೆರಳಲ್ಲಿ ತಡೆದು ಬಿಡಿ.

ಕೊಳ್ಳುವಾಗ ಪಟ್ಟಿಯ ಮೊದಲ ಭಾಗದಲ್ಲಿ ಸಣ್ಣ ವೃತ್ತದೊಳಗೆ ರೋಮನ್ ಅಂಕಿ ಇದೆಯೇ ನೋಡಿ. ಅದು ನಿಖರತೆಯ ದರ್ಜೆ. 5 ಮೀಟರ್ ಉದ್ದಕ್ಕೆ ಒಂದನೇ ದರ್ಜೆಯಲ್ಲಿ 0.6 ಮಿ.ಮೀ., ಎರಡನೆಯದರಲ್ಲಿ 1.3, ಮೂರನೆಯದರಲ್ಲಿ 2.6 ಮಿ.ಮೀ. ಆಚೀಚೆಯಾಗಲು ಅವಕಾಶವಿದೆ. ಕಪಾಟಿನ ಕೆಲಸಕ್ಕೆ ಎರಡನೇ ದರ್ಜೆ ಧಾರಾಳ ಸಾಕು. ಆದರೆ ಅಳೆಯುವವರ ಕೈಯಲ್ಲಿ ಒಂದು ಟೇಪು, ಕತ್ತರಿಸುವವರ ಕೈಯಲ್ಲಿ ಇನ್ನೊಂದು ಬೇಡ.

ಡ್ರಾಯರ್ ಮಾಡಿದಾಗಲೆಲ್ಲ ಸೊಟ್ಟವಾಗುತ್ತದೆ. ಮೂಲೆಮಟ್ಟ ಹಿಡಿದೇ ಗೆರೆ ಹಾಕುತ್ತೇನೆ. ತಪ್ಪು ಮಟ್ಟದ್ದೋ ನನ್ನದೋ?
– ಓದುಗರು, ತುಮಕೂರು

ಮೊದಲು ಮಟ್ಟವನ್ನೇ ವಿಚಾರಿಸಿಕೊಳ್ಳಿ. ಹೊಸ ಮಟ್ಟ ಎಂದ ಮಾತ್ರಕ್ಕೆ 90 ಡಿಗ್ರಿ ಇರುತ್ತದೆ ಎಂದು ನಂಬುವ ಹಾಗಿಲ್ಲ. ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದದ್ದನ್ನಂತೂ ಮತ್ತೆ ಪರೀಕ್ಷಿಸದೆ ಬಳಸಲೇಬಾರದು.

ನೇರ ಅಂಚಿರುವ ಪ್ಲೈವುಡ್ ತುಂಡು ಬೇಕು, ಕಾರ್ಖಾನೆಯಿಂದ ಬಂದ ಅಂಚಾದರೆ ಒಳ್ಳೆಯದು. ಮಟ್ಟದ ಹಿಡಿಯನ್ನು ಆ ಅಂಚಿಗೆ ಒತ್ತಿ, ಅಲಗಿನ ಗುಂಟ 200 ಮಿ.ಮೀ. ಉದ್ದದ ಗೆರೆ ಎಳೆಯಿರಿ. ದಪ್ಪ ಬಡಗಿ ಪೆನ್ಸಿಲ್ ಬೇಡ, ಅದರ ಗೆರೆಯೇ ಒಂದು ಮಿ.ಮೀ. ಇರುತ್ತದೆ. ಚೂಪು ಮಾಡಿದ 2ಎಚ್ ಪೆನ್ಸಿಲ್ ಅಥವಾ ಚಾಕುವಿನ ಮೊನೆ ಬಳಸಿ. ಈಗ ಮಟ್ಟವನ್ನು ಮಗುಚಿ, ಹಿಡಿ ಗೆರೆಯ ಇನ್ನೊಂದು ಬದಿಗೆ ಬರುವಂತೆ ಅದೇ ಅಂಚಿಗೆ ಒತ್ತಿ, ಗೆರೆಯ ಬುಡದಿಂದಲೇ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಮೇಲ್ತುದಿಯಲ್ಲಿ ಕವಲೊಡೆದು 1 ಮಿ.ಮೀ. ಅಂತರ ಕಂಡರೆ, ಮಟ್ಟದ ನಿಜವಾದ ತಪ್ಪು ಅದರ ಅರ್ಧ: 200ಕ್ಕೆ 0.5 ಮಿ.ಮೀ. ಕಡಿಮೆ ಅನ್ನಿಸಬಹುದು, ಆದರೆ 600 ಮಿ.ಮೀ. ಅಗಲದ ಪಕ್ಕಹಲಗೆಗೆ ಬರುವಷ್ಟರಲ್ಲಿ ಅದು 1.5 ಮಿ.ಮೀ. ಆಗಿರುತ್ತದೆ.

ಉಕ್ಕಿನ ಅಲಗಾದರೆ ಹೊರ ಅಂಚನ್ನು ನುಣುಪು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ಮಗುಚಿ ನೋಡುತ್ತ ಸರಿಮಾಡಬಹುದು. ಒಳ ಅಂಚಿನ ತಪ್ಪು ಮಾತ್ರ ಹಾಗೇ ಉಳಿಯುತ್ತದೆ, ಅದನ್ನು ಬೇರೆಯಾಗಿ ನೋಡಬೇಕು. ಸರಿಯುವ ಅಲಗಿನ ಕಾಂಬಿನೇಷನ್ ಸ್ಕ್ವೇರ್ ಆದರೆ ಅಲಗು ಕೂರುವ ತೋಡಿನಲ್ಲಿ ಮರದ ಪುಡಿ ಸಿಕ್ಕಿದೆಯೇ ನೋಡಿ. ಎಷ್ಟೋ ಸಲ ತಪ್ಪು ಅಷ್ಟೇ ಇರುತ್ತದೆ.

ಮಟ್ಟ ಸರಿಯಿದ್ದೂ ಡ್ರಾಯರ್ ಸೊಟ್ಟವಾದರೆ, ಅದು ಜೋಡಿಸುವಾಗ ಆದ ತಪ್ಪು. ನಾಲ್ಕು ಇಂಚಿನ ಮಟ್ಟವನ್ನು ಮೂಲೆಗಿಟ್ಟು 450 ಮಿ.ಮೀ. ಪೆಟ್ಟಿಗೆಯನ್ನು ಪಾಸು ಮಾಡಬೇಡಿ, ಕರ್ಣ ಅಳೆಯಿರಿ. ಒಳ ಅಳತೆ 450 × 350 ಇರುವ ಪೆಟ್ಟಿಗೆಯ ಎರಡೂ ಕರ್ಣ 570 ಮಿ.ಮೀ. ಬರಬೇಕು. ಒಂದು 572, ಇನ್ನೊಂದು 568 ಬಂದರೆ, ಉದ್ದ ಕರ್ಣದ ಎರಡು ಮೂಲೆಗಳಿಗೆ ಕ್ಲ್ಯಾಂಪ್ ಹಾಕಿ 570ಕ್ಕೆ ಇಳಿಯುವವರೆಗೆ ಬಿಗಿದು, ಅಂಟು ಹಿಡಿಯುವವರೆಗೆ ಹಾಗೇ ಬಿಡಿ. ಅಂಟು ಒಣಗಿದ ಮೇಲೆ ಅಳೆದರೆ ಬೇಸರವೊಂದೇ ಲಾಭ. ಇಲ್ಲೊಂದು ಮೋಸವೂ ಇದೆ. ಮುಂದಿನ ಹಲಗೆಗಿಂತ ಹಿಂದಿನದು ಗಿಡ್ಡವಾಗಿದ್ದರೂ ಎರಡು ಕರ್ಣ ಸಮ ಬರಬಹುದು. ಆದ್ದರಿಂದ ಎದುರುಬದುರು ಹಲಗೆಗಳನ್ನು ಒಂದರ ಮೇಲೊಂದಿಟ್ಟು, ತುದಿಗಳನ್ನು ಬೆರಳಲ್ಲಿ ಸವರಿ ಸಮ ಇವೆಯೇ ಎಂದು ಮೊದಲೇ ನೋಡಿಕೊಳ್ಳಿ.

ಆಚಾರ್ರು ಇಂಚು, ಸೂತು ಎನ್ನುತ್ತಾರೆ. ಪ್ಲೈವುಡ್, ಕಬ್ಜಾ ಎಲ್ಲ ಮಿ.ಮೀ.ನಲ್ಲಿ ಬರುತ್ತವೆ. ಹೊಂದಿಸುವುದು ಹೇಗೆ?
– ಓದುಗರು, ಮೈಸೂರು

ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ಎರಡಡಿ ಮೂರಿಂಚು ಐದು ಸೂತು ಎಂದರೆ 27.625 ಇಂಚು, 25.4ರಿಂದ ಗುಣಿಸಿದರೆ 701.7 ಮಿ.ಮೀ. ಬಾಯಿಲೆಕ್ಕದಲ್ಲಿ ಅಡಿಗೆ 300 ಎಂದು ಹಿಡಿಯುವವರಿದ್ದಾರೆ. ನಿಜವಾದದ್ದು 304.8, ಎಂಟಡಿಗೆ 38 ಮಿ.ಮೀ. ಖೋತಾ! ಬಾಗಿಲಿಗೆ ಆಯ ನೋಡಿ ಇಂಚಿನಲ್ಲಿ ಗೊತ್ತುಮಾಡಿದ್ದರೂ ಒಂದೇ ಸಲ ಮಿ.ಮೀ.ಗೆ ಇಳಿಸಿ ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಇಂಚಿನ ಕಡೆ ತಿರುಗಿ ನೋಡಬೇಡಿ.

ಇನ್ನು ಪ್ಲೈವುಡ್. ಮೇಲೆ 19 ಮಿ.ಮೀ. ಎಂದು ಬರೆದಿದ್ದರೂ ಹಲಗೆ ನಿಜಕ್ಕೂ ಎಷ್ಟಿದೆಯೋ ಅಳೆದೇ ನೋಡಬೇಕು. ಮರಗೆಲಸದಲ್ಲಿ ವರ್ನಿಯರ್ ಕ್ಯಾಲಿಪರ್ ನಿಜವಾಗಿ ಬೇಕಾಗುವುದು ಇದಕ್ಕೇ. 150 ಮಿ.ಮೀ.ನ ಸಾಧಾರಣ ಡಿಜಿಟಲ್ ಸಾಕು. ದವಡೆ ಒರೆಸಿ, ಮುಚ್ಚಿ, ಸೊನ್ನೆ ಮಾಡಿಕೊಂಡು ಹಲಗೆಯ ಮೂರ್ನಾಲ್ಕು ಕಡೆ ಹಿಡಿಯಿರಿ. ಹಲಗೆ 18.2 ಇದ್ದು ನೀವು 19 ಎಂದು ಲೆಕ್ಕ ಹಾಕಿದರೆ, ಎರಡು ಪಕ್ಕಹಲಗೆಗಳ ನಡುವಿನ ಶೆಲ್ಫು 1.6 ಮಿ.ಮೀ. ಗಿಡ್ಡವಾಗಿ ಸಡಿಲ ಕೂರುತ್ತದೆ. ಸನ್ಮೈಕಾ ಅಂಟಿಸುವುದಿದ್ದರೆ ಅದನ್ನೂ ಸೇರಿಸಿ ಅಳೆಯಿರಿ.

ಗರಗಸ ತಿನ್ನುವುದನ್ನೂ ಮರೆಯಬಾರದು. 1220 ಮಿ.ಮೀ. ಅಗಲದ ಶೀಟಿನಿಂದ 305ರ ನಾಲ್ಕು ಪಟ್ಟಿ ಸಿಗುವುದಿಲ್ಲ. 3 ಮಿ.ಮೀ. ಬ್ಲೇಡಿನಿಂದ ಮೂರು ಕೊಯ್ತಕ್ಕೆ 9 ಮಿ.ಮೀ. ಹೋಗಿ, ಪಟ್ಟಿಗೆ 302.75 ಉಳಿಯುತ್ತದೆ. ಗೆರೆಯ ಪಕ್ಕದಲ್ಲಿ ಕತ್ತರಿಸುವ ಬದಿಗೆ ಗುಣಾಕಾರ ಗುರುತು ಹಾಕಿ, ಬ್ಲೇಡು ಅತ್ತಲೇ ಇರಲಿ.

ಇಲ್ಲಿ ಕೊಂಡ ಟೇಪಿನಲ್ಲಿ 19.2 ಇಂಚಿಗೊಂದು ಕಪ್ಪು ವಜ್ರದ ಗುರುತಿದೆ. ಯಾಕೆ?
– ಓದುಗರು, ಡಲ್ಲಸ್

ಅಲ್ಲಿನ ಮನೆಗಳಿಗೆ ಮರದ ಚೌಕಟ್ಟು. ಎಂಟಡಿ ಶೀಟಿನ ಕೆಳಗೆ ತೊಲೆಗಳನ್ನು ಸಮ ಅಂತರದಲ್ಲಿ ಇಡಬೇಕು. 96 ಇಂಚನ್ನು ಐದು ಪಾಲು ಮಾಡಿದರೆ 19.2 ಬರುತ್ತದೆ. ಆರು ಪಾಲಾದರೆ 16, ಅದಕ್ಕೆ ಬೇರೆ ಗುರುತಿರುತ್ತದೆ. ಪೀಠೋಪಕರಣ ಮಾಡುವಾಗ ಈ ವಜ್ರವನ್ನು ನೋಡಲೇಬೇಡಿ.

ಗೋಡೆಗೂಡಿನ ಒಳಗೆ ಶೆಲ್ಫ್ ಹಾಕಬೇಕು. ಎಷ್ಟು ಸಲ ಅಳೆದರೂ ಹಲಗೆ ಒಂದೋ ಹಿಡಿಯುತ್ತದೆ, ಇಲ್ಲವೇ ಸಂದಿ ಬಿಡುತ್ತದೆ.
– ಓದುಗರು, ಶಿರಸಿ

ಟೇಪು ಮೂಲೆಯಲ್ಲಿ ಬಾಗುತ್ತದೆ, ನೀವು ಅಂದಾಜಿನ ಮೇಲೆ ಓದುತ್ತೀರಿ. ಡಬ್ಬಿಯ ಬೆನ್ನನ್ನು ಗೋಡೆಗೆ ತಾಗಿಸಿ, ಅದರ ಮೇಲೆ ಬರೆದ ಡಬ್ಬಿಯ ಉದ್ದವನ್ನು ಕೂಡಿಸುವ ಕ್ರಮವೂ ಇದೆ. ಅದರಲ್ಲೂ ಕೂಡಿಸಲು ಮರೆಯುವುದುಂಟು. ಇಂಥಲ್ಲಿ ಅಂಕಿಯ ಸಹವಾಸವೇ ಬೇಡ. 20 × 6 ಮಿ.ಮೀ.ನ ಎರಡು ಪಟ್ಟಿ ತೆಗೆದುಕೊಳ್ಳಿ, ಒಂದೊಂದೂ ಗೂಡಿನ ಅಗಲದ ಮೂರನೇ ಎರಡರಷ್ಟು ಉದ್ದ. ಹೊರತುದಿಗಳನ್ನು ಮೊನೆಯಾಗಿ ಕೆತ್ತಿ, ಪಟ್ಟಿಗಳನ್ನು ಜೋಡಿಸಿ ಹಿಡಿದು, ಎರಡು ಗೋಡೆಗೂ ತಾಗುವವರೆಗೆ ಸರಿಸಿ. ಎರಡರ ಮೇಲೂ ಹಾಯುವಂತೆ ಒಂದು ಅಡ್ಡಗೆರೆ ಹಾಕಿ. ಹೊರತೆಗೆದು, ಗೆರೆ ಕೂಡಿಸಿ ಕ್ಲಿಪ್ ಹಾಕಿ ನೇರವಾಗಿ ಪ್ಲೈವುಡ್ ಮೇಲಿಟ್ಟು ಗುರುತು ಮಾಡಿ.

ಇದನ್ನು ಶೆಲ್ಫ್ ಕೂರುವ ಎತ್ತರದಲ್ಲೇ, ಮುಂದೊಂದು ಹಿಂದೊಂದು ಸಲ ಮಾಡಬೇಕು. ಗಿಲಾವು ಎಂದೂ ಸಮ ಇರುವುದಿಲ್ಲ. ಮೂಲೆಯ ಕೋನವನ್ನು ರಟ್ಟು ಕತ್ತರಿಸಿ ಅಥವಾ ಬೆವಲ್ (ಬೇಕಾದ ಕೋನಕ್ಕೆ ತಿರುಗಿಸಿ ಬಿಗಿಯುವ ಮಟ್ಟ) ಹಿಡಿದು ತೆಗೆದುಕೊಳ್ಳಿ. ಒಟ್ಟು ಉದ್ದದಲ್ಲಿ 3 ಮಿ.ಮೀ. ಕಳೆದು ಕೊಯ್ಯಿರಿ, ಬದಿಗೆ ಸನ್ಮೈಕಾ ಪಟ್ಟಿ ಬರುವುದಿದ್ದರೆ ಅದರ ದಪ್ಪವನ್ನೂ ಕಳೆಯಿರಿ. ಗೂಡಿನ ಬಾಯಿ ಹಿಂಭಾಗಕ್ಕಿಂತ ಕಿರಿದಾಗಿದ್ದರೆ ಹಿಂದಿನ ಅಳತೆಗೆ ಕೊಯ್ದ ಹಲಗೆ ನೇರವಾಗಿ ಒಳಗೆ ಹೋಗುವುದಿಲ್ಲ. ಬಾಯಿಯ ಅಳತೆಗೇ ಕೊಯ್ದು, ಹಿಂದೆ ಉಳಿಯುವ ಸಂದಿಗೆ ಸಣ್ಣ ಬೀಡಿಂಗ್ ಪಟ್ಟಿ ಹೊಡೆಯಿರಿ.